ಹಿಂಭಾರದ ಗಾಡಿ

ಶೆಟ್ಟಿಹಳ್ಳಿಯ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಮಕ್ಕಳಿಗೆಂದು ಒಂದು ಉದ್ದನೆಯ ಹಲಗೆ ಹಾಕಿದ್ದಾರೆ. ನಡುವೆ ಗಿಡ್ಡ ಕಂಬ. ಒಂದು ತುದಿ ಇಳಿದರೆ ಇನ್ನೊಂದು ಏಳುತ್ತದೆ. ಮೊಮ್ಮಕ್ಕಳು ನೀವು ಅದಕ್ಕೆ ಸೀಸಾ ಅನ್ನುತ್ತೀರಿ. ಮೊನ್ನೆ ಸಂಜೆ ನಿಮ್ಮಲ್ಲಿ ಕಿರಿಯವಳು, ಪುಟ್ಟಿ, ಜೊತೆಗೆ ಯಾರೂ ಸಿಗದೆ ಒಂದು ತುದಿಯಲ್ಲಿ ಕುಳಿತು ನೆಲ ಒದೆಯುತ್ತಿದ್ದಳು.

"ಅಜ್ಜಿ, ಆ ಕಡೆ ಬಂದು ಕೂತ್ಕೋ ಬಾ."

"ಸುಮ್ನಿರೇ, ನೋಡ್ದೋರು ನಗ್ತಾರೆ," ಅಂದೆ.

ವಾಕಿಂಗ್ ಮಾಡುವ ಹೆಂಗಸರು ನಮ್ಮ ಕಡೆಯೇ ಬರುತ್ತಿದ್ದರು. ನಾನು ಸೆರಗು ಎಳೆದುಕೊಂಡು ಬೆಂಚಿನ ತುದಿಗೆ ಸರಿದೆ. ತುದಿಗೆ ಸರಿಯುವುದು ನನ್ನ ಹುಟ್ಟುಗುಣ. ಊಟಕ್ಕೆ ಕೊನೆಯ ಪಂಕ್ತಿ, ಫೋಟೋದಲ್ಲಿ ಅರ್ಧ ಮುಖ. ನಿಮ್ಮ ಅಪ್ಪನ ಮದುವೆ ಆಲ್ಬಮ್ಮಿನಲ್ಲಿ ನನ್ನನ್ನು ಸೀರೆಯ ಅಂಚು ನೋಡಿಯೇ ಗುರುತು ಹಿಡಿಯಬೇಕು.

ಪುಟ್ಟಿ ಸಿಟ್ಟಿಗೆ ಇನ್ನೊಮ್ಮೆ ಒದ್ದಳು. ಹಲಗೆ ಕಿರ್ರೆಂದಿತು. ಕೀಲೆಣ್ಣೆ ಹಾಕಿಸಿಕೊಳ್ಳದ ಎತ್ತಿನ ಗಾಡಿಯ ಸದ್ದು ಹೀಗೇ ಇರುತ್ತದೆ. ನಮ್ಮ ಮಾವನವರ ಗಾಡಿ ನೆನಪಾಯಿತು.

ಗಾಡಿಗೆ ಇರುವುದು ಎರಡೇ ಚಕ್ರ. ಹಾಗಾಗಿ ಅದೂ ಈ ಹಲಗೆಯ ಹಾಗೆ, ನಡುವಿನ ಅಚ್ಚಿನ ಮೇಲೆ ನಿಂತಿರುವ ವಸ್ತು. ಮುಂದೆ ಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ, ಅದು ಮುಂಭಾರ. ಹಿಂದೆ ಹೆಚ್ಚಾದರೆ ಮುಂದಿನ ಉದ್ದನೆಯ ಮರ, ಅಂದರೆ ಮೂಕಿ, ಮೇಲೇಳುತ್ತದೆ. ಜೊತೆಗೆ ನೊಗವೂ ಏಳುತ್ತದೆ, ಎತ್ತಿನ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಅದು ಹಿಂಭಾರ. ಎರಡೂ ಸಮನಾಗಿದ್ದರೆ ನೊಗ ಹೆಗಲ ಮೇಲೆ ಸುಮ್ಮನೆ ಕೂತಿರುತ್ತದೆ. ಮಾವನವರು ಗಾಡಿಗೆ ಚೀಲ ಹೇರುವಾಗ ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ನಾವು ಸಾರಿನ ಉಪ್ಪು ನೋಡುವ ಹಾಗೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕುಣಿಗಲ್ ಕಡೆಯ ಹುಡುಗಿಯಾದ ನಾನು ಚೇಳೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸೊಸೆ ಮಾವನ ಎದುರು ಕೂರಬಾರದು, ನೇರವಾಗಿ ಮಾತಾಡಬಾರದು. ಅವರೂ ನನ್ನೊಂದಿಗೆ ಮಾತಾಡುತ್ತಿರಲಿಲ್ಲ. ಏನಾದರೂ ಬೇಕಾದರೆ ಎತ್ತುಗಳಿಗೆ ಹೇಳುತ್ತಿದ್ದರು. "ಏನ್ಲಾ ಕೆಂಚ, ಕುಡಿಯಾಕೆ ನೀರು ಸಿಕ್ತದೇನ್ಲಾ ಈ ಮನೇಲಿ?" ಅಂದರೆ ನಾನು ಚೊಂಬು ತಂದು ಜಗಲಿಯ ಮೇಲಿಟ್ಟು ಒಳಗೆ ಓಡಬೇಕು. ಕೆಂಚ ಅನ್ನುವ ಆ ಎತ್ತಿನಿಂದ ನಮ್ಮಿಬ್ಬರ ಮಾತುಕತೆ ಚೆನ್ನಾಗಿಯೇ ನಡೆದಿತ್ತು.

ಒಂದು ಸಂಜೆ, ತುಮಕೂರಿನಲ್ಲಿ ಕೆಲಸದಲ್ಲಿದ್ದ ನಿಮ್ಮ ಅಜ್ಜ ಊರಿನವರೊಬ್ಬರ ಕೈಲಿ ಹೇಳಿ ಕಳಿಸಿದರು: ಕುಣಿಗಲ್ಲಿನಲ್ಲಿ ನನ್ನ ಅಮ್ಮನಿಗೆ ಜ್ವರ ನೆತ್ತಿಗೇರಿದೆಯಂತೆ, ನನ್ನ ಹೆಸರನ್ನೇ ಕನವರಿಸುತ್ತಿದ್ದಾಳಂತೆ. ಬೆಳಗಿನ ಬಸ್ಸಿಗೆ ನನ್ನನ್ನು ಕಳಿಸಬೇಕಂತೆ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವರು ಕಾದಿರುತ್ತಾರಂತೆ. ಚೇಳೂರಿನಿಂದ ಗುಬ್ಬಿಯ ಮೇಲೆ ತುಮಕೂರಿಗೆ ಹೋಗುವ ಆ ಬಸ್ಸು ತಪ್ಪಿದರೆ ಕುಣಿಗಲ್ ಮುಟ್ಟುವುದು ಮಾರನೆಯ ದಿನವೇ. ಅಲ್ಲಿಯವರೆಗೆ ಅಮ್ಮ ಇರುತ್ತಾಳೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾವನವರಿಗೆ ಹೇಗೂ ಚೇಳೂರಿಗೆ ತೆಂಗಿನಕಾಯಿ ಒಯ್ಯುವುದಿತ್ತು. ಬೆಳಗಾಗುವ ಹೊತ್ತಿಗೆ ಚೀಲಗಳನ್ನು ಹದವಾಗಿ ಮುಂದಕ್ಕೆ ಜೋಡಿಸಿ ಮೂಕಿ ಎತ್ತಿ ನೋಡಿದ್ದರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಸೊಸೆ ಎಲ್ಲಿ ಕೂತ್ಕೋಬೇಕು? ನಿಮ್ ಬೆನ್ನಿಗೆ ಒರಗ್ಕೊಂಡಾ? ಚೀಲ ಎಲ್ಲಾ ಹಿಂದಕ್ಕೆ ತಳ್ಳಿ, ಮಧ್ಯೆ ಮರೆಯಾಗ್ಲಿ."

"ಹಿಂಭಾರ ಆಯ್ತದೆ ಕಣೇ."

"ಆದ್ರೆ ಆಗ್ಲಿ. ಊರೋರ ಬಾಯಿಗೆ ನೀವು ಉತ್ತರ ಹೇಳ್ತೀರಾ?"

ಮಾವನವರು ಅತ್ತೆಗೆ ಎದುರಾಡಿ ಗೆದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಚೀಲಗಳು ಹಿಂದಕ್ಕೆ ಬಂದು ಗೋಡೆಯಾದವು. ಗೋಡೆಯ ಆಚೆ ಮಾವ, ಈಚೆ ಗಾಡಿಯ ಕಟ್ಟಕಡೆಯಲ್ಲಿ, ಕಾಲು ಇಳಿಬಿಟ್ಟುಕೊಂಡು ನಾನು. ಅಮ್ಮನಿಗೆಂದು ಅತ್ತೆ ಕೊಟ್ಟ ಕುಂಬಳಕಾಯಿಯೂ ನನ್ನ ಪಕ್ಕದಲ್ಲೇ ಕೂತಿತು.

ಮಟ್ಟದ ದಾರಿಯಲ್ಲಿ ಹೇಗೋ ಸಾಗಿತು. ಕೆರೆ ಏರಿ ಹತ್ತುವ ಕಡೆ, ಗಾಡಿಯ ಮೂತಿ ಮೇಲಾಗುತ್ತಲೇ ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬಿತ್ತು. ಮೂಕಿ ಎದ್ದಿತು. ಚೀಲದ ಸಂದಿಯಲ್ಲಿ ನೋಡಿದೆ: ಕೆಂಚ ಕತ್ತು ಮೇಲಕ್ಕೆ ಮಾಡಿ, ನಾಲಿಗೆ ಹೊರಗೆ ಹಾಕಿ ಗೊರಗೊರ ಅನ್ನುತ್ತಿದೆ. ಮಾವನವರು ಮೂಕಿಯ ಮೇಲೆ ಹಾರಿ ಕೂತರು. ಅವರದು ಒಣಕಲು ಮೈ, ಮೂಕಿ ಅಲುಗಲಿಲ್ಲ. ಕೆಳಗಿಳಿದು ಚೀಲ ಸರಿಸೋಣವೆಂದರೆ, ಅವರು ಎದ್ದರೆ ಗಾಡಿ ಹಿಂದಕ್ಕೇ ಮಗುಚುತ್ತದೆ. ನಾನು ಹಿಂದಿನಿಂದ ಕೆಳಗೆ ಹಾರಿದರೂ ಸಾಲದು, ಮುಂದಕ್ಕೇ ಭಾರ ಬೇಕಿತ್ತು.

"ಕೆಂಚ, ಹಿಂದಿರೋರು ಮುಂದಕ್ಕೆ ಬರ್ಬೇಕಂತೆ ಕಣ್ಲಾ!" ಎಂದು ಕೂಗಿದರು. ಆ ಹೊತ್ತಿನಲ್ಲೂ ಹೇಳಿದ್ದು ಕೆಂಚನಿಗೇ.

ನಾನು ಸೆರಗು ಹಿಡಿದು ಎದ್ದೆ, ಮತ್ತೆ ಕೂತೆ. ಏರಿಯ ಮೇಲೆ ಚೇಳೂರಿಗೆ ಹೊರಟವರು ನಿಂತು ನೋಡುತ್ತಿದ್ದರು. ಕೆಂಚನ ಮುಂಗಾಲು ಮಡಚಿಕೊಂಡಿತು.

"ಬಾರವ್ವಾ! ಎತ್ತು ಸಾಯ್ತದೆ, ಬಾರವ್ವಾ!"

ಅವರು ನನ್ನನ್ನು ಕರೆದದ್ದು ಅದೇ ಮೊದಲು. ಸೀರೆ ಎತ್ತಿ ಸಿಕ್ಕಿಸಿ ಚೀಲಗಳ ಮೇಲೆ ತೆವಳಿಕೊಂಡು ಮುಂದೆ ಬಂದೆ. ಅವರ ಹಿಂದೆ, ಆದಷ್ಟು ದೂರದಲ್ಲಿ ಕೂತೆ. ಮೂಕಿ ಸ್ವಲ್ಪವೇ ಇಳಿಯಿತು. "ಅಲ್ಲಿ ಸಾಲ್ದು. ಇನ್ನೂ ತುದಿಗೆ ಬಾ, ನನ್ನ ಪಕ್ಕಕ್ಕೇ ಬಾ," ಅಂದರು. ಹೋಗಿ ಅವರ ಪಕ್ಕ ಮೂಕಿಯ ಮೇಲೆ ಕೂತೆ. ಅದೇ ನಾನು, ಅದೇ ನನ್ನ ತೂಕ. ಅಚ್ಚಿನಿಂದ ಒಂದು ಮಾರು ದೂರ ಸರಿದದ್ದಕ್ಕೇ ಅಷ್ಟೂ ಚೀಲಗಳು ಸೋತವು. ನೊಗ ಹೆಗಲಿಗಿಳಿಯಿತು. ಕೆಂಚ ಒಂದು ದೀರ್ಘ ಉಸಿರು ಬಿಟ್ಟಿತು.

ಏರಿ ಹತ್ತಿದ ಮೇಲೆ ಹಿಂದಕ್ಕೆ ಹೋಗು ಎಂದು ಅವರು ಹೇಳಲಿಲ್ಲ, ನಾನೂ ಏಳಲಿಲ್ಲ. ಚೇಳೂರಿನ ಬೀದಿಯಲ್ಲಿ ಮಾವ ಸೊಸೆ ಒಂದೇ ಮೂಕಿಯ ಮೇಲೆ ಹೋದೆವು. ಬಸ್ಸು ಹೊರಡುವುದರಲ್ಲಿತ್ತು. ಕುಂಬಳಕಾಯಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, "ನಿಮ್ಮವ್ವಂಗೆ ಏನೂ ಆಗಲ್ಲ, ಹೋಗ್ಬುಟ್ಟು ಬಾ," ಅಂದರು. ಈ ಸಲ ನನಗೇ ಹೇಳಿದರು.

ಅಮ್ಮ ಬದುಕಿಕೊಂಡಳು. ನಾನು ಹಣೆ ಮುಟ್ಟಿದಾಗ ಕಣ್ಣು ಬಿಟ್ಟು, "ಯಾರ ಜೊತೆ ಬಂದೆ?" ಅಂತ ಕೇಳಿದಳು. ತಿಂಗಳ ಮೇಲೆ ಊರಿಗೆ ಹಿಂತಿರುಗಿದಾಗ ಅತ್ತೆ ಬಾಗಿಲಲ್ಲೇ, "ಮಾವನ ಪಕ್ಕ ಕೂತ್ಕೊಂಡು ಮೆರವಣಿಗೆ ಹೋದ್ಯಂತೆ?" ಅಂದರು. ಜಗಲಿಯಿಂದ ಮಾವನವರು ಅತ್ತೆಗೆ, "ಇನ್ಮೇಲೆ ಏರಿ ಹತ್ತೋವಾಗ ನೀನೇ ಬಂದು ಕೂತ್ಕೋ ಬುಡು. ಮುಂಭಾರಕ್ಕೆ ಚೀಲಾನೇ ಬೇಕಾಗಲ್ಲ," ಅಂದರು. ಅತ್ತೆ ತುಂಬಿದ ಮೈಯವರು. ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ.

ಮಾವ, ಅತ್ತೆ, ನಿಮ್ಮ ಅಜ್ಜ, ಯಾರೂ ಈಗಿಲ್ಲ. ನನ್ನನ್ನು ಮುಂದಕ್ಕೆ ಕರೆಯುವವರು ನೀವೇ. ಪುಟ್ಟಿ ಇನ್ನೂ ಮುಖ ಊದಿಸಿಕೊಂಡು ಕೂತಿದ್ದಳು. ಎದ್ದು ಹೋಗಿ ಹಲಗೆಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿದೆ.

"ನೀನು ಅಲ್ಲೇ ತುದೀಲಿರು. ನಾನು ಈ ಕಡೆ, ಕಂಬದ ಹತ್ರ."

"ಅಲ್ಲಿ ಯಾರೂ ಕೂರಲ್ಲ ಅಜ್ಜಿ!"

"ನಾನು ಕೂರ್ತೀನಿ."

ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿದೆ. ಪುಟ್ಟಿ ಮೆಲ್ಲಗೆ ಮೇಲೆದ್ದಳು. ನನ್ನ ಕಾಲೂ ನೆಲ ಬಿಟ್ಟಿತು. ಹಲಗೆ ಮಟ್ಟವಾಗಿ ನಿಂತಿತು.

"ಅಜ್ಜಿ, ನಿಂತೇಬಿಡ್ತು! ಅಲ್ಲಾಡ್ಬೇಡ!"

ವಾಕಿಂಗಿನ ಹೆಂಗಸರು ಇನ್ನೊಂದು ಸುತ್ತು ಬಂದು ನಮ್ಮನ್ನೇ ನೋಡುತ್ತ ನಿಂತರು. ಸೆರಗು ಜಾರಿತ್ತು. ಸರಿಮಾಡಿಕೊಳ್ಳಲು ಕೈ ಎತ್ತಿದರೆ ಹಲಗೆ ವಾಲೀತೆಂದು ಹಾಗೆಯೇ ಕೂತೆ.