ಕ್ರೇನಣ್ಣನ ಆರು ವಾರ

ಹಳೆಯ ಜಾಯ್‌ಸ್ಟಿಕ್ಕಿನ ಹಿಡಿಯ ಮೇಲೆ ರಬ್ಬರಿನ ಒಂದು ತೆಳು ಪದರ ಇರುತ್ತದೆ. ಗಲ್ಫಿನ ಈ ಊರಿನ ಸೆಕೆಗೆ ಏಳೆಂಟು ವರ್ಷದಲ್ಲಿ ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗಿ ಒಂದು ಥರದ ಕಮಟು ವಾಸನೆ ಹೊಡೆಯುತ್ತದೆ. ಹೋದ ತಿಂಗಳು ರಿಫಾದ ನನ್ನ ಅಂಗಡಿಗೆ ಒಬ್ಬರು ಮನೆ ಖಾಲಿ ಮಾಡಿದ ಸಾಮಾನು ತಂದು ಮೇಜಿನ ಮೇಲೆ ಸುರಿದರು. ಕೇಬಲ್ಲು, ಕೀಬೋರ್ಡು, ತಳದಲ್ಲಿ ಅಂಥದೊಂದು ಸ್ಟಿಕ್ಕು. ಎತ್ತಿಕೊಂಡೆ. ಹಿಡಿ ಅಂಗೈಗೆ ಅಂಟಿತು, ಮೂಗಿಗೆ ಆ ವಾಸನೆ ಬಂತು... ಅವರು ಹೇಳುತ್ತಿದ್ದ ರೇಟು ಆಮೇಲೆ ಕಿವಿಗೆ ಬೀಳಲೇ ಇಲ್ಲ. ನೋವಿನ ಮುಲಾಮು ಹಚ್ಚಿದ ಒಂದು ಬಲಗೈ ಕಣ್ಣೆದುರು ಬಂದು ನಿಂತಿತ್ತು.

ಅದು ನಮ್ಮ ಕಟ್ಟಡದ ಮೇಲಿನ ಮಹಡಿಯವರ ಕೈ. ಭದ್ರಾವತಿ ಕಡೆಯವರು, ಅಸ್ಕರಿನ ಅಲ್ಯೂಮಿನಿಯಮ್ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಹಾಗಾಗಿ ಕಟ್ಟಡಕ್ಕೆಲ್ಲ ಕ್ರೇನಣ್ಣ. ಸೂರಿನಡಿಯ ಹಳಿಯ ಮೇಲೆ ಓಡುವ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಲೋಹ ತುಂಬಿದ ಕೊಳಗವನ್ನು ಹನಿ ಚೆಲ್ಲದಂತೆ ಆ ತುದಿಯಿಂದ ಈ ತುದಿಗೆ ಒಯ್ಯುವುದು ಅವರ ಕೆಲಸ. ಕೈಯಲ್ಲಿ ಇರುವುದು ಒಂದು ಸ್ಟಿಕ್ಕು, ಅಷ್ಟೆ.

ನನ್ನ ವಿಷಯವನ್ನೂ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಮಂಗಳೂರು ಕಡೆಯಿಂದ ಇಲ್ಲಿಗೆ ಬಂದಾಗ ನನ್ನ ಹತ್ತಿರ ಇದ್ದ ಬಂಡವಾಳ ಒಂದು ಸ್ಕ್ರೂ ಡ್ರೈವರ್ ಸೆಟ್ಟು ಮತ್ತು ನಾಲಗೆ. ಸೀಫ್ ಬಡಾವಣೆಯ ಆಫೀಸುಗಳು ಹೊಸ ಕಂಪ್ಯೂಟರ್ ತರಿಸಿದಾಗ ಹಳೆಯದನ್ನು ಸಗಟಾಗಿ ಎತ್ತಿಕೊಂಡು ಬಂದು, ಒರೆಸಿ, ರಿಪೇರಿ ಮಾಡಿ ಮಾರುತ್ತೇನೆ. ಹಳೆ ಮಾಲು ಕೊಳ್ಳುವವರು ಕೇಳಿಸಿಕೊಳ್ಳಿ: ಹೊರಗಿನ ಹೊಳಪು ನೋಡಬೇಡಿ, ಹಿಂದಿನ ಫ್ಯಾನಿಗೆ ಮೂಗು ಹಿಡಿಯಿರಿ, ಸುಟ್ಟ ವಾಸನೆ ಬಂದರೆ ದೇವರಾಣೆ ಹಾಕಿದರೂ ತೆಗೆದುಕೊಳ್ಳಬೇಡಿ. ಅಂಗಡಿ ಇಡುವವರಿಗೂ ನಾನು ಒಂದು ಬುದ್ಧಿಮಾತು ಹೇಳುತ್ತಿದ್ದೆ. ಗಿರಾಕಿ ದೂರು ತಂದರೆ ತಪ್ಪು ಅವನದೇ ಆದರೂ ಬಾಯಿ ಬಿಟ್ಟು ಹೇಳಬೇಡಿ. ಮಾಲಿನ ಮೇಲೆ ಹಾಕಿ, ಸರಿ ಮಾಡಿದಂತೆ ಮಾಡಿ ನಗುನಗುತ್ತಾ ಕಳಿಸಿ. ಈಗ ಅದನ್ನು ಯಾರಿಗೂ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಕ್ರೇನಣ್ಣ ಅಂಗಡಿಗೆ ಬಂದರು.

"ಸಾವ್ಕಾರ್ರೆ, ಗೇಮ್ ಆಡೋಕೆ ಒಂದು ಕಂಪ್ಯೂಟರ್ ಬೇಕಿತ್ತು."

"ಮಗಳಿಗಾ ಅಣ್ಣ?"

"ನನಗೇ."

ನಾನು ನಕ್ಕೆ. "ಈ ಪ್ರಾಯದಲ್ಲಿ ಎಂತ ಗೇಮು ಮಾರಾಯ್ರೆ? ಆ ತಲೆಯಲ್ಲಿ ಹೆಡ್‌ಫೋನು ನಿಲ್ತದಾ?"

"ಜಾರಿದ್ರೆ ಮೊಳೆ ಹೊಡ್ಕೊತೀನಿ. ಮೊದ್ಲು ರೇಟ್ ಹೇಳಿ. ಅದನ್ನ ಕೇಳಿ ಉಳಿದಿರೋ ಕೂದ್ಲೂ ಉದುರುತ್ತೆ."

ಆಮೇಲೆ ಬಲಗೈ ಚಾಚಿದರು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು. ಟ್ಯಾಕ್ಸಿಯ ಬಾಗಿಲಿಗೆ ಕೈ ಸಿಕ್ಕಿ ನರಕ್ಕೆ ಪೆಟ್ಟಾಗಿತ್ತಂತೆ. ಗಾಯ ಮಾಗಿತ್ತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಚುಕಬೇಕು, ನರ ಪಾಠ ಕಲಿಯುವುದು ಮೊದಲ ಕೆಲವು ತಿಂಗಳಲ್ಲೇ, ಆಮೇಲೆ ಅದು ಕಲಿಯುವುದಿಲ್ಲ ಎಂದಿದ್ದರು. ಕಾರ್ಖಾನೆಯಲ್ಲಿ ಎರಡು ತಿಂಗಳ ನಂತರ ಪರೀಕ್ಷೆ. ಕೊಳಗದಲ್ಲಿ ನೀರು ತುಂಬಿಸಿ ಕ್ರೇನಿನಲ್ಲಿ ಒಯ್ಯಬೇಕು.

"ಪಾಸಾದ್ರೆ ಕೆಲಸ. ಇಲ್ಲಾಂದ್ರೆ ಖಲಾಸ್. ವೀಸಾ ಕ್ಯಾನ್ಸಲ್. ಮಗಳು ಹತ್ತನೇ ಕ್ಲಾಸು, ವರ್ಷದ ಮಧ್ಯೆ ಎಲ್ಲಿ ಸೇರಿಸ್ಲಿ?" ಎಂದರು. ಬಂದರಿನಲ್ಲಿ ಕ್ರೇನ್ ನಡೆಸಿ ಹಡಗಿನ ಸರಕು ಇಳಿಸುವ ಒಂದು ಆಟ ಉಂಟು ಎಂದು ಯಾರೋ ಹೇಳಿದ್ದರು. ಕೈ ಪಳಗಿಸಲು ಅದು ಬೇಕಿತ್ತು.

ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರು ವಿಂಡೋಸ್ ಬೇಕಾದರೆ ಅದಕ್ಕೆ ಬೇರೆ ದುಡ್ಡು ಕೊಡಬೇಕು, ಲಿನಕ್ಸ್ ಆದರೆ ಬಿಟ್ಟಿ ಎಂದೆ. ಬಿಟ್ಟಿ ಎಂದದ್ದಕ್ಕೆ ಅವರು ಹುಬ್ಬು ಏರಿಸಿದರು.

"ಯಾರದ್ದು ಅದು?"

"ಯಾರದ್ದೂ ಅಲ್ಲ, ಎಲ್ಲರದ್ದೂ. ಎಲ್ಲೆಲ್ಲಿಯವರೋ ಸೇರಿ ಬರೆದದ್ದು. ಒಳಗೆ ಮುಚ್ಚುಮರೆ ಇಲ್ಲ, ಪ್ರತಿ ಸಾಲನ್ನೂ ಯಾರು ಬೇಕಾದ್ರೂ ಓದ್ಬಹುದು."

"ಅವರಿಗೇನು ಲಾಭ?"

"ಅದೊಂದು ನನಗೂ ಇವತ್ತಿನವರೆಗೆ ಗೊತ್ತಾಗ್ಲಿಲ್ಲ ಅಣ್ಣ."

ಲಿನಕ್ಸೇ ಸಾಕೆಂದು, ಒಂದು ಹಳೆ ಜಾಯ್‌ಸ್ಟಿಕ್ಕನ್ನೂ ಮೇಲಿಂದ ಬಿಟ್ಟಿಯಾಗಿ ಹಾಕಿಸಿಕೊಂಡೇ ಅವರು ಎದ್ದದ್ದು. ಚೌಕಾಸಿಯಲ್ಲಿ ನನಗೆ ಸಮನಾಗಿ ನಿಂತವರು ಈ ಊರಿನಲ್ಲಿ ಇಬ್ಬರೋ ಮೂವರೋ.

ಅವರ ಮನೆಗೇ ಹೋಗಿ ಕೂತರೂ ಆಟ ಸುಲಭಕ್ಕೆ ಏಳಲಿಲ್ಲ. ಅದು ವಿಂಡೋಸಿಗೆಂದು ಮಾಡಿದ ಆಟ. ಲಿನಕ್ಸಿನಲ್ಲಿ ಓಡಬೇಕಾದರೆ ನಡುವೆ ದುಭಾಷಿಯಂಥ ಇನ್ನೊಂದು ಪ್ರೋಗ್ರಾಮು ಬೇಕು. ಮೊದಲ ದಿನ ಬರೀ ಕಪ್ಪು ಪರದೆ. ಎರಡನೆಯ ದಿನ ಹಡಗಿನ ಸೈರನ್ನು ಕೇಳಿತು, ಹಡಗು ಕಾಣಲಿಲ್ಲ. ಅಷ್ಟೂ ಹೊತ್ತು ಕ್ರೇನಣ್ಣ ಸ್ಟಿಕ್ಕಿನ ಮೇಲೆ ಕೈಯಿಟ್ಟು ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಮೂರನೆಯ ದಿನ ಸಮುದ್ರ ಬಂತು, ಕ್ರೇನು ಬಂತು. ಅವರ ಹೆಂಡತಿ, ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ, ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು.

ನಾಲ್ಕೇ ದಿನದಲ್ಲಿ ಕರೆ ಬಂತು. ಅಷ್ಟರಲ್ಲಿ ಅವರ ಬಾಯಲ್ಲಿ ನಾನು ಸಾವ್ಕಾರ ಹೋಗಿ ತಮ್ಮನಾಗಿದ್ದೆ.

"ನಿನ್ನ ಸ್ಟಿಕ್ಕು ಸರಿ ಇಲ್ಲ ಕಣೋ. ಕೊಕ್ಕೆ ಅದರಷ್ಟಕ್ಕೇ ನಡುಗುತ್ತೆ."

ಹೋಗಿ ನಾನು ಹಿಡಿದು ನೋಡಿದೆ. ಕೊಕ್ಕೆ ತೂಗುಗುಂಡಿನ ಹಾಗೆ ನೆಟ್ಟಗೆ ಇಳಿಯಿತು. ಅವರ ಕೈಗೆ ಕೊಟ್ಟೆ. ಕೊಕ್ಕೆ ನಡುಗಿತು. ಹೆಚ್ಚೇನಲ್ಲ, ಗಾಳಿಗೆ ಎಲೆ ಅಲುಗಿದಷ್ಟು. ನನಗೆ ತಿಳಿಯಿತು. ಅವರಿಗೆ ತಿಳಿದಿರಲಿಲ್ಲ, ಪೆಟ್ಟಾದ ಮೇಲೆ ಊಟ ಬಿಟ್ಟು ಉಳಿದದ್ದೆಲ್ಲ ಎಡಗೈಗೆ ಅಭ್ಯಾಸವಾಗಿತ್ತು. ಅತ್ತಿಗೆ ಚಹಾದ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಸ್ಟಿಕ್ಕಿಂದೇ ಅಲ್ವೇನೋ?" ಎಂದು ಕ್ರೇನಣ್ಣ ಕೇಳಿದರು. ಆ ದನಿಯನ್ನು ಹೇಗೆ ಹೇಳಲಿ...

"ಸ್ಟಿಕ್ಕಿಂದೇ ಅಣ್ಣ. ಹಳೆ ಮಾಲಲ್ವಾ? ಹತ್ತು ನಿಮಿಷ ಕೊಡಿ."

ಲಿನಕ್ಸಿನಲ್ಲಿ ಅದು ಒಂದು ಸಾಲಿನ ಕೆಲಸ. ಸ್ಟಿಕ್ಕಿನಿಂದ ಬರುವ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳುವ ಒಂದು ಸಂಖ್ಯೆ ಇರುತ್ತದೆ. ನಿಜವಾಗಿ ಸವೆದುಹೋದ ಸ್ಟಿಕ್ಕಿಗೆಂದು ಇರುವುದು ಅದು. ಸಂಖ್ಯೆ ಏರಿಸಿದೆ. ಕಂಪ್ಯೂಟರ್ ಪ್ರತಿ ಸಲ ಎದ್ದಾಗಲೂ ಅದೇ ನಿಲ್ಲುವಂತೆ ಒಂದು ಫೈಲಿನಲ್ಲಿ ಬರೆದಿಟ್ಟೆ. ಅವರು ಹಿಡಿದರು. ಕೊಕ್ಕೆ ನೆಟ್ಟಗೆ ಇಳಿಯಿತು.

"ನೋಡ್ದೇನೇ? ಕೈ ಅಲ್ಲ, ಸ್ಟಿಕ್ಕು!" ಎಂದು ಅವರು ಅತ್ತಿಗೆಯತ್ತ ತಿರುಗಿ ಕೂಗಿದರು. ಅತ್ತಿಗೆ ಅಂದು ಚಹಾದ ಜೊತೆ ಕೋಡುಬಳೆಯನ್ನೂ ಇಟ್ಟರು. ನಾನು ತಿಂದೆ.

ಆಮೇಲಿನ ವಾರಗಳಲ್ಲಿ ಮೇಲಿನ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಆ ಬಲಗೈಯ ಮೇಲೆ ಹೋಗುತ್ತಿತ್ತು. ಅವರು ಮಟ್ಟದ ಮೇಲೆ ಮಟ್ಟ ಗೆಲ್ಲುತ್ತಿದ್ದರು. ಲಿನಕ್ಸಿನಲ್ಲಿ ಆಟ ಆಡುವವರ ಒಂದು ಆನ್‌ಲೈನ್ ಚಾವಡಿಯಲ್ಲಿ ಬ್ರೆಜಿಲಿನವನೊಬ್ಬನ ಜೊತೆ ಪಂದ್ಯ ಕಟ್ಟಿ ಗೆದ್ದಿದ್ದರು. ಒಂದು ದಿನ ನೋಡುತ್ತೇನೆ, ಡಾಕ್ಟರು ಕೊಟ್ಟ ರಬ್ಬರ್ ಚೆಂಡು ಟಿವಿಯ ಪಕ್ಕದಲ್ಲಿ ಧೂಳು ತಿನ್ನುತ್ತಿದೆ.

"ಅದನ್ನು ಹಿಚುಕುದಿಲ್ವಾ ಅಣ್ಣ?"

"ಏನಕ್ಕೋ? ಕೈ ಸರಿಹೋಯ್ತಲ್ಲ."

ಆಗ ಹೇಳಬಹುದಿತ್ತು. ಅದಕ್ಕೂ ಮೊದಲು, ಸ್ಟಿಕ್ಕು ಸರಿ ಮಾಡಿದ ವಾರದಲ್ಲೇ, ಕಾರ್ಖಾನೆಯ ಸೂಪರ್‌ವೈಸರು ಫೋನು ಮಾಡಿದ್ದರು, ಇನ್ನೂ ಮೂರು ತಿಂಗಳು ರಜೆ ಬೇಕಾದರೆ ಕೊಡುತ್ತೇವೆ ಎಂದು. ಕ್ರೇನಣ್ಣ ನನ್ನೆದುರೇ ನಕ್ಕು, "ಜರೂರತ್ ನಹೀ ಸಾಬ್, ಹಾಥ್ ಏಕ್‌ದಮ್ ಠೀಕ್ ಹೈ" ಎಂದುಬಿಟ್ಟರು. ಆಗಲೂ ಹೇಳಬಹುದಿತ್ತು. ನನ್ನೊಳಗಿನ ವ್ಯಾಪಾರಿ ಬೇರೆಯೇ ಹೇಳುತ್ತಿದ್ದ: ಧೈರ್ಯ ಬಂದರೆ ಕೈಯೂ ಬರುತ್ತದೆ, ಈಗ ಯಾಕೆ ಕೆದಕುತ್ತಿ?

ಒಂದು ಶುಕ್ರವಾರ ಮೆಟ್ಟಿಲಲ್ಲಿ ಸಿಕ್ಕಿದರು. ಮುಖ ಅರಳಿತ್ತು. "ಟೆಸ್ಟು ಬೇಗ ತಗೊಳ್ಳಿ ಅಂತ ನಾನೇ ಕೇಳ್ದೆ. ಭಾನುವಾರ ಬೆಳಿಗ್ಗೆ. ಸೋಮವಾರದಿಂದ ಡ್ಯೂಟಿ." ನಾನು ಅಭಿನಂದನೆ ಹೇಳಿ ಅಂಗಡಿಗೆ ಹೋದೆ. ಅಂದು ಮೂವರು ಗಿರಾಕಿಗಳಿಗೆ ಕೇಳಿದ ರೇಟಿಗೇ ಮಾಲು ಕೊಟ್ಟೆನಂತೆ. ನನಗೆ ನೆನಪಿಲ್ಲ.

ಶನಿವಾರ ಮಧ್ಯಾಹ್ನ ಊಟ ಸೇರಲಿಲ್ಲ. ಮೇಲೆ ಹೋದೆ. ಅವರು ಆಡುತ್ತಿದ್ದರು. ಪರದೆಯ ಮೇಲೆ ಪೆಟ್ಟಿಗೆ ತೂಗುತ್ತಿತ್ತು, ಅದರ ಕೆಳಗೆ ಹಳದಿ ಟೋಪಿಯ ಪುಟ್ಟ ಪುಟ್ಟ ಮನುಷ್ಯರು ಓಡಾಡುತ್ತಿದ್ದರು.

"ಅಣ್ಣ, ನಿಮ್ಮ ಕೊಳಗದ ಕೆಳಗೆ ಜನ ನಿಲ್ತಾರಾ?"

"ನಿಲ್ಬಾರ್ದು. ನಿಲ್ತಾರೆ." ಕಣ್ಣು ಪರದೆಯಿಂದ ಕದಲಲಿಲ್ಲ. "ನಮ್ಮ ಹುಡುಗ್ರೇ. ನನ್ ಮೇಲೆ ನಂಬಿಕೆ."

"ಒಂದು ನಿಮಿಷ ಆಟ ನಿಲ್ಸಿ."

ಹೇಳಿದೆ. ಹೇಳುವಾಗ ನನ್ನ ನಾಲಗೆ, ಇಷ್ಟು ವರ್ಷ ನನ್ನನ್ನು ಸಾಕಿದ ನಾಲಗೆ, ತೊದಲಿತು. ಫೈಲು ತೆರೆದು ಆ ಸಾಲನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇಷ್ಟು ದಿನ ಇಲ್ಲೇ ಇತ್ತಾ?"

"ಹೌದು."

"ತೆಗೀರಿ."

ಬಹುವಚನ. ಸೊನ್ನೆ ಮಾಡಿದೆ. ಅವರು ಸ್ಟಿಕ್ಕು ಹಿಡಿದರು. ಕೊಕ್ಕೆ ನಡುಗಿತು, ಪೆಟ್ಟಿಗೆ ನಡುಗಿತು, ಹಡಗಿನ ಅಂಚಿಗೆ ಬಡಿದು ಬಿತ್ತು. ಮತ್ತೆ ಎತ್ತಿದರು. ಬಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಎತ್ತಿದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಏಸಿ ಓಡುತ್ತಲೇ ಇತ್ತು. ಎಷ್ಟು ಹೊತ್ತು ಹಾಗೆ ಹೋಯಿತೋ... ಮಗಳು ಟ್ಯೂಷನ್ನಿನಿಂದ ಬಂದು, ಅಪ್ಪನ ಮುಖ ನೋಡಿ, ಸದ್ದಿಲ್ಲದೆ ಒಳಗೆ ಹೋದಳು.

ಮಾತಾಡಿದ್ದು ಅತ್ತಿಗೆ. "ಅಂತೂ ಸ್ಟಿಕ್ಕು ಸರಿಯಾಗೇ ಇತ್ತು, ನಿಮ್ಮ ಮಾಲಿಗೆ ಕೆಟ್ಟ ಹೆಸರು ಬರ್ಲಿಲ್ಲ."

ಕ್ರೇನಣ್ಣ ಕೈಯೆತ್ತಿ ಅವರನ್ನು ತಡೆದರು. ನನ್ನತ್ತ ನೋಡದೆ ಕೇಳಿದರು: "ನಾಳೆ ಅಸ್ಕರಿಗೆ ಬಿಡ್ತೀರಾ? ನನಗೆ ಗಾಡಿ ಓಡಿಸೋಕೆ ಮನಸ್ಸಾಗಲ್ಲ."

ಭಾನುವಾರ ನನ್ನ ಕಾರಿನಲ್ಲಿ ಹೊರಟೆವು. ಕಾರ್ಖಾನೆಯ ಚಿಮಣಿಗಳು ಕಂಡ ಮೇಲೆ ಅವರೇ ಮಾತು ತೆಗೆದರು. "ಟೆಸ್ಟಲ್ಲಿ ಕೊಳಗದ ತುಂಬ ನೀರು. ಚೆಲ್ಲಿದ್ರೆ ನೆಲ ಒದ್ದೆ, ಅಷ್ಟೆ. ಮಣಿಕಟ್ಟು ಒತ್ತಿ ಹಿಡ್ಕೊಂಡು ನಿಧಾನ ಹೋದ್ರೆ ಪಾಸೂ ಆಗಬಹುದು."

ನಾನು ಸ್ಟೀರಿಂಗು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಸೋಮವಾರ ನೀರಿರಲ್ಲ," ಎಂದು ಅವರೇ ಮುಗಿಸಿ ಗೇಟಿನಲ್ಲಿ ಇಳಿದು ಹೋದರು.

ಹೊರಗೆ ಕಾದೆ. ಒಳಗೆ ಏನು ನಡೆಯುತ್ತಿದೆಯೋ ಗೊತ್ತಿಲ್ಲ. ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿದಾಗ ಕಾರಿನ ಬಾಗಿಲು ತೆರೆದು ನಿಂತುಬಿಟ್ಟೆ. ಮುಕ್ಕಾಲು ಗಂಟೆಯ ಮೇಲೆ ಅವರು ಬಂದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

"ಕ್ರೇನ್ ಹತ್ತಿದ್ರಾ ಅಣ್ಣ?"

"ಏಣಿ ತನಕ ಹೋದೆ. ಕೆಳಗೆ ನಿಂತಿದ್ದ ಹುಡುಗ್ರು ಕೈ ಬೀಸಿದ್ರು. ತಿರುಗಿ ಸೂಪರ್‌ವೈಸರ್ ಮುಂದೆ ಹೋಗಿ, ಪೆನ್ನು ಕೊಡಿ ಸಾಬ್ ಅಂದೆ. ಬಲಗೈಲಿ ಹಿಡಿದು, ಅದು ಅಲುಗೋದನ್ನ ತೋರಿಸ್ದೆ."

"ಆ ಮೂರು ತಿಂಗಳು ಕೇಳ್ಬೇಕಿತ್ತು..."

"ಕೇಳ್ದೆ. ಆರು ವಾರದ ಹಿಂದೆ ಆಗಿದ್ರೆ ಕೊಡ್ತಿದ್ವಿ ಅಂದ್ರು. ಕೈ ಠೀಕ್ ಇದೆ ಅಂತ ನಾನೇ ಅಂದಿದ್ನಲ್ಲ, ರಜೆ ಕಾಗದ ಮುಚ್ಚಿಬಿಟ್ಟಿದ್ದಾರೆ."

ಡಾಕ್ಟರ ಹತ್ತಿರವೂ ಹೋದೆವು. ಅವರು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿ, ಚೆಂಡು ಬಿಟ್ಟದ್ದು ಯಾವಾಗ ಎಂದು ಕೇಳಿದರು. ಕ್ರೇನಣ್ಣ ಮರೆತುಹೋಯಿತು ಎಂದರು. ನನ್ನ ಹೆಸರು ಬಾಯಿಗೆ ತರಲಿಲ್ಲ. ಅದನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರದೆ ಇದ್ದೇನೆ.

ಮುಂದಿನ ತಿಂಗಳು ಮೂವರೂ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ನಾನು ಕರೆದೊಯ್ಯುತ್ತೇನೆ ಎಂದೆ. ಟ್ಯಾಕ್ಸಿ ಹೇಳಿಯಾಗಿದೆ ಎಂದರು ಅತ್ತಿಗೆ. ಸಾಮಾನೆಲ್ಲ ಮಾರಿದರೂ ಆ ಕಂಪ್ಯೂಟರನ್ನು ಬಟ್ಟೆಯ ನಡುವೆ ಸುತ್ತಿ ಕೊಂಡೊಯ್ದರು. ನಂಬರು ನನ್ನ ಫೋನಿನಲ್ಲಿ ಇತ್ತು. ಮಾಡಬೇಕು, ಮಾಡಬೇಕು ಎಂದುಕೊಂಡು ವರ್ಷಗಳು ಕಳೆದವು...

ಹೋದ ತಿಂಗಳು, ಆ ಸ್ಟಿಕ್ಕು ಕೈಗೆ ಬಂದ ದಿನ, ಅಂಗಡಿಯ ಶಟರು ಅರ್ಧ ಎಳೆದು ಫೋನು ಮಾಡಿದೆ. ಎತ್ತಿದ್ದು ಅತ್ತಿಗೆ. ದನಿ ಗುರುತು ಹಿಡಿದರು.

"ಅವರು ಹೋಗಿ ವರ್ಷ ಆಯ್ತು. ಹಾರ್ಟು."

ಮಗಳ ವಿಷಯ ಕೇಳಿದೆ. ಒಂದು ವರ್ಷ ಹಿಂದೆ ಬಿದ್ದಳು, ಈಗ ಡಿಪ್ಲೊಮಾ ಮಾಡಿ ಕೆಲಸದಲ್ಲಿದ್ದಾಳೆ ಎಂದರು. ಕೊನೆಗೆ ಕೇಳಬಾರದ್ದನ್ನೂ ಕೇಳಿದೆ. ಅಣ್ಣ ಆಮೇಲೆ ಆ ಆಟ ಆಡುತ್ತಿದ್ದರಾ?

"ದಿನಾ. ನೀವು ಸೊನ್ನೆ ಮಾಡಿ ಹೋದ ಹಾಗೇ. ಮಗಳು ಸ್ವಲ್ಪ ಏರಿಸ್ಲಾ ಅಪ್ಪ ಅಂತ ಕೇಳಿದ್ರೆ ಬೇಡ ಅಂತಿದ್ರು. ಕೊನೇ ವರ್ಷದಲ್ಲಿ ನಾಲ್ಕು ಪೆಟ್ಟಿಗೆಯಲ್ಲಿ ಮೂರನ್ನ ನೆಟ್ಟಗೆ ಇಳಿಸ್ತಿದ್ರು." ಎಂದರು ಅತ್ತಿಗೆ. "ಬರ್ತಿತ್ತು ಕಣ್ರೀ ಆ ಕೈ. ಟೈಮು ಬೇಕಿತ್ತು."

ಯಾವ ಮಾತಿಗೂ ಎದುರು ಮಾತು ಹೂಡದೆ ಬಿಟ್ಟವನಲ್ಲ ನಾನು. "ಹೌದು ಅತ್ತಿಗೆ" ಎಂದೆ. ಅವರು ಫೋನು ಇಟ್ಟ ಮೇಲೆ ಶಟರನ್ನು ಪೂರ್ತಿ ಎಳೆದೆ.