ಮಾತು ಕೊಟ್ಟ ಕಾರ್ಯದರ್ಶಿ

ಬಂದರು ಕಾರ್ಮಿಕರ ಸಂಘದಲ್ಲಿ ನೆರೆದೇಶಗಳ ಸಂಘಗಳೊಡನೆ ವ್ಯವಹರಿಸಲೆಂದೇ ಒಬ್ಬ ಕಾರ್ಯದರ್ಶಿ ಇರುತ್ತಾನೆ. ಬೆಳಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಹಡಗುಗಳ ಪಟ್ಟಿ ನೋಡುತ್ತಾನೆ. ಒಂದು ಹಡಗಿನ ಹೆಸರು ಅತ್ತಿತ್ತಾದರೂ ಕೂಡಲೇ ಬಂದರಿಗೆ ಫೋನ್ ಮಾಡುತ್ತಾನೆ. ಜಂಟಿ ಹೇಳಿಕೆಯಲ್ಲಿ ‘ಖಂಡಿಸುತ್ತೇವೆ’ ಎನ್ನಬೇಕೋ ‘ವಿಷಾದಿಸುತ್ತೇವೆ’ ಎನ್ನಬೇಕೋ ಎಂದು ನಾಲ್ಕು ದೇಶಗಳಿಗೆ ಫೋನ್ ಮಾಡಿ, ಕಡೆಗೆ ಎರಡನ್ನೂ ಬರೆಯುತ್ತಾನೆ. “ಅಡುಗೆಮನೆ ನಲ್ಲಿ ಸೋರ್ತಿದೆ. ಖಂಡಿಸ್ತೀರೋ, ವಿಷಾದಿಸ್ತೀರೋ?” ಎನ್ನುತ್ತಾಳೆ ಹೆಂಡತಿ. ಈ ವಾರ ಅವನಿಗೆ ಊಟ ಸೇರುತ್ತಿಲ್ಲ. ಪಕ್ಕದ ದೇಶದ ಬಂದರಿನಲ್ಲಿ ಮುಷ್ಕರ. ಅಲ್ಲಿ ಯಾರೂ ಮುಟ್ಟದ ಹಡಗು ಇಲ್ಲಿಗೆ ಬಂದು ನಿಂತಿದೆ. ಇಲ್ಲಿಯವರು ಸರಕು ಇಳಿಸಿದರೆ ಅಲ್ಲಿಯವರ ಮುಷ್ಕರ ಮುರಿದಂತೆಯೇ. ಇಳಿಸುವುದಿಲ್ಲವೆಂದು ಅಲ್ಲಿಯ ಸಂಘದ ಕಾರ್ಯದರ್ಶಿಗೆ ಮಾತು ಕೊಟ್ಟವನು ಇವನು. ಕ್ರೇನು ನಡೆಸುವವನು ಇವನ ತಮ್ಮ, ಗುತ್ತಿಗೆಯ ಆಳು. ಇವತ್ತು ಕೈ ಕಟ್ಟಿ ಕೂತರೆ ಅವನಿಗೆ ನಾಳೆ ಕೆಲಸವಿಲ್ಲ. ಕಾರ್ಯದರ್ಶಿ ಏದುಸಿರು ಬಿಡುತ್ತ ಕ್ರೇನಿನ ಏಣಿ ಹತ್ತಿ ಸರಕು ಇಳಿಸಬೇಡವೆಂದು ಕೇಳಲು ಎಲ್ಲರಿಗಿಂತ ಮೊದಲು ಅವನ ಬಳಿಗೇ ಹೋದ. “ಅಣ್ಣಾ, ಆ ಕಡೆಯ ಕಾರ್ಯದರ್ಶೀನ ಒಂದ್ಸಲನಾದ್ರೂ ನೋಡಿದ್ದೀಯಾ?” ಎಂದ ತಮ್ಮ. “ಇಲ್ಲ ಕಣೋ. ಹನ್ನೊಂದು ವರ್ಷದಿಂದ ಬರೀ ಫೋನು. ಆದ್ರೆ ಅವರು ಕೆಮ್ಮಿದ್ರೆ ಸಾಕು, ನಿದ್ದೆ ಮಾಡಿದ್ದಾರೋ ಇಲ್ವೋ ಹೇಳ್ತೀನಿ.” “ಸರಿ, ನನ್ನ ಮಗಳು ಈಗ ಎಷ್ಟನೇ ಕ್ಲಾಸು ಹೇಳು ನೋಡೋಣ.” ಕಾರ್ಯದರ್ಶಿ ಬೆರಳು ಮಡಚಿ ಲೆಕ್ಕ ಹಾಕಿದ, ತಪ್ಪು ಹೇಳಿದ. ತಮ್ಮ ತಿದ್ದಲಿಲ್ಲ. ಕ್ರೇನಿನ ಕೀಲಿ ತೆಗೆದು ಅಣ್ಣನ ಜೇಬಿಗೆ ಹಾಕಿ, ಏಣಿಯಿಳಿದು ಹೋದ.