ಮೇಷ್ಟ್ರು ಬರೆಸಿದ ವಾಕ್ಯ

ನಮ್ಮ ಮೇಷ್ಟ್ರು ಗೌರಿಬಿದನೂರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಜಂಗಮಕೋಟೆ ಕಡೆಯ ಹೆಂಗಸರು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹಾಡುವ ಹಾಡುಗಳೆಂದರೆ ಅವರಿಗೆ ಪ್ರಾಣ. ಅವುಗಳ ಬಗ್ಗೆ ನೋಟ್ಸ್ ಬರೆಸುವರು, ನಾವು ಉರು ಹೊಡೆಯುವೆವು. 'ಹಾಡುವವಳು ಅಳುವುದಿಲ್ಲ, ಅಳುವ ಕೆಲಸವನ್ನು ಹಾಡಿಗೆ ವಹಿಸಿರುತ್ತಾಳೆ' ಎಂಬ ಅವರ ವಾಕ್ಯವನ್ನು ಅಕ್ಷರ ಬಿಡದೆ ಬರೆದವರಿಗೆ ಪೂರ್ತಿ ಅಂಕ. ಅದನ್ನು ಯಾರೂ ನಕಲು ಅನ್ನುತ್ತಿರಲಿಲ್ಲ, ಜಾಣತನ ಅನ್ನುತ್ತಿದ್ದರು.

ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ ಅದನ್ನೆಲ್ಲ ಕೂಡಿಸಿ ಲೇಖನ ಮಾಡಿ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದರು. ಜೀವಮಾನಕ್ಕೆ ಅದೊಂದೇ ಲೇಖನ. ನಾನು ಆ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿದ್ದೆ, ಹಿರಿಹಿರಿ ಹಿಗ್ಗಿದೆ. ಬಂದ ಲೇಖನವನ್ನೆಲ್ಲ ಮೊದಲು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕುತ್ತೇವೆ. ಮೇಷ್ಟ್ರದ್ದು ಪುಟಪುಟವೂ ಕೆಂಪಾಗಿ ಬಂತು. ಅವೇ ಮಾತುಗಳು ಆಗಲೇ ಬೇರೊಂದು ಪತ್ರಿಕೆಯಲ್ಲಿ ಅಚ್ಚಾಗಿದ್ದವು, ನನ್ನ ಸಹಪಾಠಿಯೊಬ್ಬನ ಹೆಸರಿನಲ್ಲಿ. ಅವನೀಗ ಚಿಂತಾಮಣಿಯಲ್ಲಿ ಪ್ರೊಫೆಸರು.

ನಿಯಮದ ಪ್ರಕಾರ ಲೇಖಕರಿಂದ ವಿವರಣೆ ಕೇಳಬೇಕು. ಕದ್ದಿಲ್ಲವೆಂದರೆ ತಾವೇ ಮೊದಲು ಬರೆದದ್ದಕ್ಕೆ ಪುರಾವೆ ಕೊಡಬೇಕು. ಇವು ಮೇಷ್ಟ್ರ ಮಾತುಗಳೇ, ನಾನೇ ಕ್ಲಾಸಿನಲ್ಲಿ ಕೇಳಿದ್ದೇನೆ ಎಂದು ಮಂಡಳಿಯಲ್ಲಿ ಜಗಳವಾಡಿದೆ.

"ಶಿಷ್ಯೆಯ ನೆನಪು ಪುರಾವೆ ಆಗಲ್ಲ ಮೇಡಂ. ಹಳೇ ನೋಟ್ಸ್ ಇದ್ರೆ ತನ್ನಿ," ಎಂದರು ಸಂಪಾದಕರು.

ಪರೀಕ್ಷೆ ಮುಗಿದ ಮೇಲೆ ನೋಟ್ಸ್ ಯಾರು ಇಟ್ಟುಕೊಂಡಿರುತ್ತಾರೆ? ನಮ್ಮನೆಯಲ್ಲಿ ಆಗಲೇ ತೂಕಕ್ಕೆ ಹಾಕಿದ್ದರು. ಸಂಪಾದಕರದ್ದೂ ತಪ್ಪಿಲ್ಲ, ಆದರೂ ನನಗೆ ಮೈಯೆಲ್ಲ ಉರಿಯಿತು. ಸಹಪಾಠಿಗೆ ಫೋನ್ ಮಾಡಿದೆ.

"ಅದು ನಮ್ಮ ನೋಟ್ಸ್ ಅಲ್ವೇನೇ? ಎಲ್ರೂ ಬರೀತಿದ್ವಲ್ಲ," ಅಂದ. ನಾಟಕವಲ್ಲ, ನಿಜವಾಗಿಯೂ ಹಾಗೇ ತಿಳಿದಿದ್ದ. ಅದಕ್ಕೇ ಇನ್ನೂ ಸಂಕಟವಾಯಿತು. ಮೇಷ್ಟ್ರು ಬರೆಸಿದ್ದು ಅಂತ ಬರೆದುಕೊಡು ಎಂದೆ.

"ಕೆಲಸ ಹೋಗುತ್ತೆ ಕಣೇ," ಎಂದು ಫೋನಿಟ್ಟ.

ಪತ್ರಿಕೆಯ ಪತ್ರ ಹಿಡಿದು ನಾನೇ ಮೇಷ್ಟ್ರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಓದಿದರು. ಫೋನಿನ ಮಾತನ್ನೂ ಹೇಳಿದೆ.

"ಅವನ ಅನ್ನ ಯಾಕೆ ಕಿತ್ಕೊಳ್ಳೋದು ಬಿಡಮ್ಮ. ಲೇಖನ ವಾಪಸ್ ತಗೋತೀನಿ," ಎಂದರು. ನನ್ನನ್ನು ಕಳಿಸಲು ಬಾಗಿಲವರೆಗೂ ಬಂದವರು ಅಲ್ಲೇ ನಿಂತರು. "ನಾನು ಕದ್ದೆ ಅಂತ ನಿಮ್ಮಲ್ಲಿ ಎಲ್ಲಾದ್ರೂ ಬರ್ದಿರ್ತಾರೇನಮ್ಮ?"

"ಕದ್ದರು ಅಂತ ಇರಲ್ಲ ಸಾರ್. ವಿವರಣೆ ಕೊಡಲಿಲ್ಲ ಅಂತಿರುತ್ತೆ," ಎಂದೆ.

ತಲೆಯಾಡಿಸಿದರು. ಮರುವರ್ಷ ತೀರಿಕೊಂಡರು. ನಮ್ಮ ಪತ್ರಿಕೆಯ ಕಡತದಲ್ಲಿ ಅವರ ಬಗ್ಗೆ ಇರುವುದು ಇವತ್ತಿಗೂ ಅಷ್ಟೇ.

ಈಗ ಅದೇ ಕಾಲೇಜಿನಲ್ಲಿ ಅದೇ ಪಾಠ ನಾನು ಮಾಡುತ್ತೇನೆ. ಆ ವಾಕ್ಯ ಬರೆಸುವಾಗ ಮೇಷ್ಟ್ರ ಹೆಸರನ್ನೂ ಬಿಡಿಸಿ ಬಿಡಿಸಿ ಹೇಳುತ್ತೇನೆ. ಮೊನ್ನೆ ಬೆಂಚುಗಳ ನಡುವೆ ಓಡಾಡುತ್ತಾ ನೋಡಿದರೆ ವಾಕ್ಯವನ್ನು ಎಲ್ಲರೂ ಬರೆದುಕೊಂಡಿದ್ದರು, ಹೆಸರನ್ನು ಒಬ್ಬರೂ ಬರೆದುಕೊಂಡಿರಲಿಲ್ಲ. ಯಾಕಮ್ಮ ಎಂದು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ.

"ಹೆಸರು ಎಕ್ಸಾಮ್‌ಗೆ ಬರಲ್ವಲ್ಲ ಮ್ಯಾಮ್," ಎಂದಳು.